ಮುಂದಾಳಿನ ಎದೆಗಾರಿಕೆ

ಮಳೆಗಾಲದಲ್ಲಿ ಕಾಗಿಣಾ ನದಿಯು ದಡ ಮೀರಿ ಹರಿಯುವುದುಂಟು. ಸೇಡಂ, ಚಿತ್ತಾಪುರಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಕದಡಿದ ನೀರಿನ ರಭಸ ಹೊಸದಲ್ಲ. ಅಂಥದೊಂದು ದಿನ ನಡುಗಡ್ಡೆಯಲ್ಲಿ ಕುಟುಂಬವೊಂದು ಸಿಕ್ಕಿಕೊಂಡಿದೆ, ಈಚೆಯ ದಡದಲ್ಲಿ ಮೂವರು ನಿಂತಿದ್ದಾರೆ ಎಂದಿಟ್ಟುಕೊಳ್ಳಬಹುದು. ಮೊದಲನೆಯವನು ನೋಡುವವರು ಮೆಚ್ಚಲೆಂದು ಹಿಂದುಮುಂದು ಯೋಚಿಸದೆ ನೀರಿಗೆ ಹಾರುತ್ತಾನೆ. ಎರಡನೆಯವನು ಅಪಾಯವನ್ನು ಕಂಡು ಮನೆಯ ದಾರಿ ಹಿಡಿಯುತ್ತಾನೆ. ಮೂರನೆಯವನು ಮಾತ್ರ ನೀರಿನ ಆಳವೆಷ್ಟು, ಸೆಳೆತ ಎಲ್ಲಿ ಹೆಚ್ಚು ಎಂಬುದನ್ನು ಬಲ್ಲವರಿಂದ ಕೇಳಿ ತಿಳಿಯುತ್ತಾನೆ, ಹಗ್ಗ ತರಿಸಿ ಅದರ ಒಂದು ತುದಿಯನ್ನು ಮರಕ್ಕೂ ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೂ ಕಟ್ಟುತ್ತಾನೆ, ಬಳಿಕ ನೀರಿಗಿಳಿಯುತ್ತಾನೆ. ಮೊದಲನೆಯವನದು ದುಡುಕು, ಎರಡನೆಯವನದು ಅಂಜಿಕೆ, ಮೂರನೆಯವನದು ಧೈರ್ಯ. ದುಡುಕಿಗೂ ಧೈರ್ಯಕ್ಕೂ ಹೊರಗಿನ ರೂಪ ಒಂದೇ ಬಗೆಯಾಗಿ ಕಾಣಬಹುದು. ಒಳಗಿನ ತಿರುಳು ಬೇರೆ.

ಸಾಮಾನ್ಯ ಮನುಷ್ಯನು ಧೈರ್ಯ ಮಾಡಿದಾಗ ಅಪಾಯಕ್ಕೆ ಒಡ್ಡಿಕೊಳ್ಳುವುದು ಅವನ ದೇಹ, ಅವನ ಆಸ್ತಿ, ಅವನ ಮನೆತನ. ನಾಡಿನ ನಾಯಕನ ಸಂಗತಿ ಹಾಗಲ್ಲ. ಅವನು ಕೈಗೊಳ್ಳುವ ಒಂದು ನಿರ್ಧಾರದ ಫಲವನ್ನು ಅವನ ಮುಖವನ್ನೇ ಕಾಣದ ಲಕ್ಷಾಂತರ ಜನ ಉಣ್ಣಬೇಕಾಗುತ್ತದೆ. ಗೆದ್ದರೆ ಅವರು ನೆಮ್ಮದಿಯಾಗಿ ಬಾಳುತ್ತಾರೆ. ತಪ್ಪಿದರೆ ಅವರ ಮನೆಗಳು ಉರಿಯುತ್ತವೆ. ಆದುದರಿಂದ ನಾಯಕನ ಧೈರ್ಯಕ್ಕೆ ಮೂರು ಒರೆಗಲ್ಲುಗಳುಂಟು. ಅಪಾಯವನ್ನು ಮುಂಚಿತವಾಗಿ ತೂಗಿ ನೋಡಿದನೇ ಎಂಬುದು ಮೊದಲನೆಯದು. ಆ ಅಪಾಯಕ್ಕೆ ಇತರರನ್ನು ನೂಕುವ ಮೊದಲು ತಾನೇ ಎದೆಯೊಡ್ಡಿದನೇ ಎಂಬುದು ಎರಡನೆಯದು. ಕಾರ್ಯ ಮುಗಿದ ಮೇಲೆ ಅದರ ಒಳಿತಿಗೂ ಕೆಡುಕಿಗೂ ಹೊಣೆಯಾದನೇ ಎಂಬುದು ಮೂರನೆಯದು. ಮೂರನೆಯದೇ ಎಲ್ಲಕ್ಕಿಂತ ಕಠಿಣ. ಏಕೆಂದರೆ ಆ ಹೊತ್ತಿಗೆ ಕಹಳೆ ಜಯಘೋಷಗಳು ನಿಂತಿರುತ್ತವೆ.

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಕರ್ನಾಟಕದ ಈಶಾನ್ಯದಲ್ಲಿರುವ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ತೊಗರಿಯ ಹೊಲಗಳಿಗೂ ಹಾಸುಗಲ್ಲಿಗೂ ಹೆಸರಾದ ಊರುಗಳು. ಶಹಾಬಾದಿನ ನುಣುಪಾದ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿಯು ಸಿಮೆಂಟಿಗೂ ರೈಲ್ವೆ ಜಂಕ್ಷನ್ನಿಗೂ ಪ್ರಸಿದ್ಧ. ಆದರೆ ಇದೇ ನೆಲದಲ್ಲಿ ಬೇರೆ ಬೇರೆ ಕಾಲಗಳ ನಾಯಕರ ಧೈರ್ಯವು ಮತ್ತೆ ಮತ್ತೆ ಒರೆಗೆ ಹಚ್ಚಲ್ಪಟ್ಟಿದೆ.

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಮಳಖೇಡವು ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅದನ್ನು ರಾಜಧಾನಿಯಾಗಿ ಬೆಳೆಸಿದ ಅಮೋಘವರ್ಷ ನೃಪತುಂಗನು ಕ್ರಿ. ಶ. 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು. ಗುಜರಾತಿನ ಶಾಖೆಯ ಬಂಧುವಾದ ಕರ್ಕನ ನೆರವಿನಿಂದ ಅವನು ಸಿಂಹಾಸನವನ್ನು ಉಳಿಸಿಕೊಂಡನು. ಇಂಥ ಅನುಭವದಿಂದ ಹಗೆಯನ್ನು ಮಾತ್ರ ಕಲಿತ ಅರಸರು ಚರಿತ್ರೆಯಲ್ಲಿ ಅನೇಕರಿದ್ದಾರೆ. ನೃಪತುಂಗನಾದರೋ ಬಹುಕಾಲ ಕಾದಾಡಿದ ಗಂಗರ ಮನೆತನಕ್ಕೆ ತನ್ನ ಮಗಳನ್ನು ಕೊಟ್ಟು ಹಗೆತನವನ್ನು ನೆಂಟಸ್ತನವಾಗಿ ಮಾಡಿದನು. ಕಾದಾಡಬಲ್ಲ ಅರಸನು ಸಂಧಿಗೆ ಕೈ ಚಾಚಿದರೆ ಜನ ಅವನನ್ನು ಅಳುಕಿದವನೆಂದು ಆಡಿಕೊಳ್ಳಬಹುದು. ಆ ಮಾತನ್ನು ಸಹಿಸುವುದೂ ಒಂದು ಬಗೆಯ ಧೈರ್ಯವೇ. ಕ್ರಿ. ಶ. 871ರ ಸಂಜಾನ ತಾಮ್ರಶಾಸನವು ಇನ್ನೊಂದು ಸಂಗತಿಯನ್ನು ಹೇಳುತ್ತದೆ. ನಾಡಿಗೆ ಬಂದ ವಿಪತ್ತು ತೊಲಗಲೆಂದು ಅವನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಆ ನಂಬಿಕೆ ಅಂದಿನ ಕಾಲದ್ದು. ಇಂದು ಅದು ಅನುಸರಿಸತಕ್ಕದ್ದಲ್ಲ. ಆದರೆ ಪ್ರಜೆಗಳ ಕಷ್ಟಕ್ಕೆ ಮೊದಲು ನೋಯಬೇಕಾದುದು ದೊರೆಯ ಮೈ ಎಂಬ ಭಾವನೆಯನ್ನು ಆ ಕಾಲದ ಜನ ಗೌರವಿಸಿದ್ದರು ಎಂಬುದು ಆ ಶಾಸನದಿಂದ ತಿಳಿಯುತ್ತದೆ.

ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಇದೇ ನೆಲಕ್ಕೆ ಮತ್ತೊಂದು ಪರೀಕ್ಷೆಯ ಕಾಲ ಬಂದಿತು. 1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ಈ ಐದೂ ಊರುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸುಮಾರು ಎರಡು ಲಕ್ಷ ಚದರ ಕಿಲೋಮೀಟರಿನಷ್ಟು ವಿಸ್ತಾರವೂ ಒಂದು ಕೋಟಿ ಅರವತ್ತು ಲಕ್ಷದಷ್ಟು ಜನಸಂಖ್ಯೆಯೂ ಇದ್ದ ಆ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ನುಡಿಗಳನ್ನಾಡುವ ಜನರಿದ್ದರು. ಆಳುತ್ತಿದ್ದವನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಆಂಗ್ಲರು ಹೊರಟ ಮೇಲೆ ತಾನು ಭಾರತಕ್ಕೂ ಸೇರದೆ ಪಾಕಿಸ್ತಾನಕ್ಕೂ ಸೇರದೆ ಸ್ವತಂತ್ರನಾಗಿರುವೆನೆಂದು ಅವನು 1947ರ ಜೂನ್ ತಿಂಗಳಲ್ಲಿಯೇ ಸಾರಿದ್ದನು. ಭಾರತದ ನಡುಭಾಗದಲ್ಲಿ ಹರಡಿದ್ದ ಆ ಸಂಸ್ಥಾನವು ಬೇರೆಯಾಗಿ ಉಳಿದರೆ ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಸಂಪರ್ಕವೇ ಕಷ್ಟವಾಗುತ್ತಿತ್ತು. ವಾಡಿಯ ರೈಲು ನಿಲ್ದಾಣವನ್ನು ನೋಡಿದರೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಮುಂಬಯಿಯಿಂದ ಮದರಾಸಿಗೆ ಹೋಗುವ ಹಾದಿ ಸೊಲ್ಲಾಪುರವನ್ನು ದಾಟಿದ ಮೇಲೆ ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿಗಳ ಮೂಲಕ, ಅಂದರೆ ನಿಜಾಮನ ನೆಲದ ಮೇಲೆಯೇ ಸಾಗುತ್ತಿತ್ತು. ವಾಡಿಯಲ್ಲಿ ಅದರಿಂದ ಕವಲೊಡೆದು ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಹಾದಿ 1874ರಷ್ಟು ಹಿಂದೆಯೇ ಸಿದ್ಧವಾಗಿತ್ತು.

1947ರ ನವೆಂಬರ್ 29ರಂದು ಭಾರತ ಸರ್ಕಾರವೂ ನಿಜಾಮನೂ ಒಂದು ವರ್ಷದ ಮಟ್ಟಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಮಾತುಕತೆಗೆ ಕಾಲಾವಕಾಶ ದೊರೆಯಲೆಂಬುದು ಅದರ ಉದ್ದೇಶ. ಆದರೆ ಸಂಸ್ಥಾನದೊಳಗೆ ಶಾಂತಿ ನೆಲೆಸಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರೆಂಬ ಪಡೆ ಬೆಳೆಯಿತು. ರಜಾಕಾರ ಎಂಬ ಪದಕ್ಕೆ ಸ್ವಯಂಸೇವಕನೆಂದೇ ಅರ್ಥ. ಆದರೆ ಆ ಪಡೆ ಹಳ್ಳಿಗಳ ಮೇಲೆ ಬೀಳುತ್ತ, ಸುಲಿಯುತ್ತ, ಕೊಲ್ಲುತ್ತ ಆ ಪದವನ್ನೇ ಭಯದ ಹೆಸರಾಗಿ ಮಾಡಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಘೋರವಾದ ಹತ್ಯೆ ನಡೆಯಿತು. ಅದೇ ತಿಂಗಳು ಕಲಬುರಗಿಯ ಪಶ್ಚಿಮಕ್ಕಿರುವ ಗಾಣಗಾಪುರ ನಿಲ್ದಾಣದಲ್ಲಿ ಮದರಾಸಿನಿಂದ ಮುಂಬಯಿಗೆ ಹೊರಟ ರೈಲಿನ ಮೇಲೆ ದಾಳಿಯಾಯಿತು. ವಾಡಿ, ಶಹಾಬಾದಗಳನ್ನು ದಾಟಿ ಬಂದ ಪ್ರಯಾಣಿಕರು ಮುಂದಿನ ನಿಲ್ದಾಣದಲ್ಲಿ ಏನಾಗುವುದೋ ಎಂದು ಜೀವ ಹಿಡಿದು ಕುಳಿತಿರಬೇಕಾದ ದಿನಗಳು ಅವು.

ಇಂಥ ಸಂಸ್ಥಾನದಲ್ಲಿ ಜನರ ಪರವಾಗಿ ಬಾಯಿ ತೆರೆಯುವುದೇ ಅಪರಾಧವೆನಿಸಿದ್ದ ಕಾಲವೊಂದಿತ್ತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಎಂಬ ಸಂಸ್ಥೆ ಸ್ಥಾಪನೆಯಾಗುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಿದ್ಯಾರ್ಥಿಗಳು ವಂದೇ ಮಾತರಂ ಹಾಡುವುದಕ್ಕೆ ತಡೆ ಬಂದಿತು. ಹಾಡುವುದನ್ನು ನಿಲ್ಲಿಸಲೊಲ್ಲದ ನೂರಾರು ವಿದ್ಯಾರ್ಥಿಗಳನ್ನು ವಿದ್ಯಾಲಯದಿಂದ ಹೊರಹಾಕಲಾಯಿತು. ಎಷ್ಟೋ ಮಂದಿ ದೂರದ ನಾಗಪುರಕ್ಕೆ ಹೋಗಿ ಓದನ್ನು ಮುಂದುವರಿಸಿದರು. ಓದು ಕೆಟ್ಟರೆ ಬದುಕೇ ಕೆಟ್ಟೀತೆಂಬುದನ್ನು ಅವರು ಅರಿಯದವರಲ್ಲ. ಅರಿತೇ ಮಾಡಿದರು. ನಾಯಕತ್ವವೆಂಬುದು ಪದವಿಯಿಂದ ಬರುವುದಲ್ಲ, ಇಂಥ ಸಣ್ಣ ವಯಸ್ಸಿನ ನಿಶ್ಚಯಗಳಲ್ಲಿಯೇ ಅದು ಮೊಳೆಯುತ್ತದೆ.

ಆ ಹೋರಾಟದ ಮುಂದಾಳಾಗಿ ನಿಂತವರು ಸ್ವಾಮಿ ರಮಾನಂದ ತೀರ್ಥರು. 1903ರ ಅಕ್ಟೋಬರ್ 3ರಂದು ಜನಿಸಿದ ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ಕಾರ್ಮಿಕ ಚಳವಳಿಯ ಹಿರಿಯರಾದ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡಿ, ಆಮೇಲೆ ಸಂಸ್ಥಾನದ ಮರಾಠವಾಡಾ ಭಾಗದ ಶಾಲೆಗಳಲ್ಲಿ ಅವರು ಉಪಾಧ್ಯಾಯರಾದರು. ಸಂನ್ಯಾಸವನ್ನು ಸ್ವೀಕರಿಸಿದರೂ ಅವರು ಬೆಟ್ಟದ ಗುಹೆಯನ್ನು ಆಶ್ರಯಿಸಲಿಲ್ಲ. ಪಾಠ ಹೇಳುವ ಕೊಠಡಿಯಲ್ಲಿಯೇ ಉಳಿದರು. 1938ರಲ್ಲಿ ಅವರು ಸತ್ಯಾಗ್ರಹಕ್ಕೆ ಇಳಿದು ಸೆರೆಮನೆ ಸೇರಿದರು. ಆಮೇಲೆ ಸೆರೆವಾಸವು ಅವರ ಬಾಳಿನಲ್ಲಿ ಮತ್ತೆ ಮತ್ತೆ ಬಂದಿತು. ಮನೆ ಮಠ ಆಸ್ತಿಗಳಿಲ್ಲದ ಸಂನ್ಯಾಸಿಗೆ ಕಳೆದುಕೊಳ್ಳುವುದೇನಿತ್ತು ಎಂದು ಯಾರಾದರೂ ಕೇಳಬಹುದು. ತನಗಾಗಿ ಕಳೆದುಕೊಳ್ಳುವುದು ಇಲ್ಲದಿದ್ದರೂ ತನ್ನ ಮಾತನ್ನು ನಂಬಿ ಬಂದ ಸಾವಿರಾರು ಸಂಸಾರಿಗಳ ಭಾರ ಅವರ ಮೇಲಿತ್ತು. ಆ ಭಾರವನ್ನು ಅರಿತೇ ಅವರು ಪ್ರತಿಸಲವೂ ಮೊದಲ ಸಾಲಿನಲ್ಲಿ ನಿಂತರು.

ನಿಷೇಧವು 1946ರಲ್ಲಿ ತೆರವಾಯಿತು. 1947ರ ಜೂನ್ ತಿಂಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಅಧಿವೇಶನ ಹೈದರಾಬಾದಿನಲ್ಲಿ ಸ್ವಾಮೀಜಿಯವರ ಅಧ್ಯಕ್ಷತೆಯಲ್ಲಿ ನಡೆದು, ಸಂಸ್ಥಾನವು ಭಾರತದೊಡನೆ ಸೇರಬೇಕೆಂಬ ನಿರ್ಣಯವನ್ನು ಕೈಗೊಂಡಿತು. ನಿಜಾಮನು ಸ್ವಾತಂತ್ರ್ಯವನ್ನು ಸಾರಿದ ತಿಂಗಳಲ್ಲಿಯೇ, ಅವನ ರಾಜಧಾನಿಯಲ್ಲಿಯೇ, ಅವನ ಇಚ್ಛೆಗೆ ವಿರುದ್ಧವಾದ ಮಾತನ್ನು ಬಹಿರಂಗವಾಗಿ ಆಡಿದ ಸಂದರ್ಭವಿದು. ಆಗಸ್ಟ್ 7ರಂದು ‘ಭಾರತಕ್ಕೆ ಸೇರಿರಿ’ ಎಂಬ ಚಳವಳಿ ಆರಂಭವಾಯಿತು. ಆಗಸ್ಟ್ 15ರಂದು ರಾಷ್ಟ್ರಧ್ವಜವನ್ನು ಹಾರಿಸಬೇಕೆಂಬ ಕರೆ ಹೊರಟಿತು. ದೇಶವೆಲ್ಲ ಹಬ್ಬ ಆಚರಿಸುತ್ತಿದ್ದ ಆ ದಿನ ಸ್ವಾಮೀಜಿಯವರನ್ನು ಬಂಧಿಸಲಾಯಿತು. ಯಥಾಸ್ಥಿತಿ ಒಪ್ಪಂದವಾದ ಸಮಯದಲ್ಲಿ ಬಿಡುಗಡೆ ಹೊಂದಿದ ಅವರು 1948ರ ಜನವರಿಯಲ್ಲಿ ಮತ್ತೆ ಬಂಧನಕ್ಕೊಳಗಾಗಿ, ಸಂಸ್ಥಾನದ ಆಳ್ವಿಕೆ ಕುಸಿಯುವವರೆಗೂ ಸೆರೆಯಲ್ಲಿಯೇ ಇದ್ದರು. ನಾಯಕನು ಸೆರೆಯಲ್ಲಿದ್ದಾಗಲೂ ಚಳವಳಿ ನಿಲ್ಲಲಿಲ್ಲ. ಅದೇ ಅವರ ನಾಯಕತ್ವದ ಬಲಕ್ಕೆ ಸಾಕ್ಷಿ.

ಹೊರಗೆ ಚಳವಳಿಯನ್ನು ನಡೆಸಿದವರು ಹೆಸರಿಲ್ಲದ ಜನ. ವಿದ್ಯಾರ್ಥಿಗಳು ಶಾಲೆಯನ್ನು, ವಕೀಲರು ನ್ಯಾಯಾಲಯವನ್ನು ಬಿಟ್ಟು ಬಂದರು. ನಿಜಾಮನ ಬೊಕ್ಕಸಕ್ಕೆ ಆದಾಯ ತರುತ್ತಿದ್ದ ಸಿಂದಿಯ ಮರಗಳನ್ನು ಕಡಿದರು. ಸುಂಕದ ಚೌಕಿಗಳನ್ನು ಎದುರಿಸಿದರು. ಸಂಸ್ಥಾನದ ಗಡಿಯಾಚೆ ಮುಂಡರಗಿ ಮೊದಲಾದ ಕಡೆಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಮುಂದಾಳಾದರು. ಗಡಿ ಶಿಬಿರಗಳ ಯುವಕರು ಹಳ್ಳಿಗಳ ರಕ್ಷಣೆಗಾಗಿ ಶಸ್ತ್ರವನ್ನೂ ಹಿಡಿದರು. ಈ ಹೋರಾಟವನ್ನು ಎರಡು ಮತಗಳ ಜಗಳವೆಂದು ತಿಳಿಯುವುದು ತಪ್ಪು. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯನ್ನು ನಡೆಸುತ್ತಿದ್ದ ತರುಣ ಸಂಪಾದಕ ಶೋಯಬುಲ್ಲಾ ಖಾನ್ ರಜಾಕಾರರ ಅತ್ಯಾಚಾರಗಳನ್ನು ಖಂಡಿಸಿ, ಸಂಸ್ಥಾನವು ಭಾರತದೊಡನೆ ಸೇರುವುದೇ ಲೇಸೆಂದು ಬರೆದನು. ಬೆದರಿಕೆಗಳು ಬಂದರೂ ಲೇಖನಿಯನ್ನು ಕೆಳಗಿಡಲಿಲ್ಲ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವನನ್ನು ಕೊಲ್ಲಲಾಯಿತು. ತನ್ನವರೆಂದು ಹೇಳಿಕೊಳ್ಳುವವರ ಅನ್ಯಾಯವನ್ನು ಅನ್ಯಾಯವೆಂದು ಕರೆಯುವುದಕ್ಕೆ ಹಗೆಯನ್ನು ಎದುರಿಸುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಇತ್ತ ದೆಹಲಿಯಲ್ಲಿ ನಿರ್ಧಾರದ ಹೊರೆ ಹೊತ್ತವರಲ್ಲಿ ಮುಖ್ಯರಾದವರು ಗೃಹಖಾತೆಯನ್ನೂ ಸಂಸ್ಥಾನಗಳ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಸರದಾರ ವಲ್ಲಭಭಾಯಿ ಪಟೇಲರು. ಆಗ ಅವರಿಗೆ ಎಪ್ಪತ್ತೆರಡು ವರ್ಷ. 1948ರ ಮಾರ್ಚಿಯಲ್ಲಿ ಹೃದಯಾಘಾತವಾಗಿ ದೇಹ ಬಳಲಿತ್ತು. ಅವರ ಮುಂದಿದ್ದ ಅಪಾಯಗಳು ಸಾಮಾನ್ಯವಾದುವಲ್ಲ. ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಲೇ ಇತ್ತು. ಹೈದರಾಬಾದಿನ ಮೇಲೆ ಸೈನ್ಯ ನಡೆಸಿದರೆ ಪಾಕಿಸ್ತಾನವೂ ಕೈಹಾಕೀತೆಂಬ ಭಯವಿತ್ತು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಒಂದು ಕಿಡಿ ಬಿದ್ದರೆ ದಕ್ಷಿಣದಲ್ಲಿಯೂ ಮತೀಯ ಗಲಭೆಗಳು ಹೊತ್ತಿಕೊಳ್ಳಬಹುದಾಗಿತ್ತು. ನಿಜಾಮನ ಸರ್ಕಾರವು 1948ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಭಾರತೀಯ ಸೇನೆಯ ಅಂದಿನ ಮುಖ್ಯಸ್ಥ ಜನರಲ್ ರಾಯ್ ಬುಚರ್ ಈ ಕಾರ್ಯಾಚರಣೆಯನ್ನು ಮುಂದಕ್ಕೆ ಹಾಕುವುದೇ ಕ್ಷೇಮವೆಂದು ಎಚ್ಚರಿಸಿದ್ದನು. ಪ್ರಧಾನಿ ಜವಾಹರಲಾಲ ನೆಹರೂ ಅವರು ಮಾತುಕತೆಯ ದಾರಿ ಪೂರ್ತಿಯಾಗಿ ಮುಚ್ಚುವ ತನಕ ಶಸ್ತ್ರದ ದಾರಿಯನ್ನು ಹಿಡಿಯಬಾರದೆಂಬ ಅಭಿಪ್ರಾಯದವರು.

ಪಟೇಲರು ಈ ಯಾವ ಅಪಾಯವನ್ನೂ ಕಡೆಗಣಿಸಲಿಲ್ಲ. ತಡಮಾಡಿದರೆ ಆಗುವ ಅಪಾಯವನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ತೂಗಿದರು. ದಿನ ಕಳೆದಂತೆ ಹಳ್ಳಿಗಳಲ್ಲಿ ಸಾವು ಹೆಚ್ಚುತ್ತದೆ. ಸಂಸ್ಥಾನಕ್ಕೆ ಹೊರಗಿನಿಂದ ಶಸ್ತ್ರಗಳು ಬಂದು ಸೇರುತ್ತವೆ. ಒಂದು ಸಂಸ್ಥಾನ ಬೇರೆಯಾಗಿ ಉಳಿದರೆ ಕೂಡಿಸಿದ ಉಳಿದ ಐನೂರಕ್ಕೂ ಮಿಕ್ಕ ಸಂಸ್ಥಾನಗಳ ಬೆಸುಗೆಯೂ ಸಡಿಲವಾಗುತ್ತದೆ. ಏನನ್ನೂ ಮಾಡದಿರುವುದು ಅಪಾಯವಿಲ್ಲದ ದಾರಿಯೆಂದು ತೋರುವುದು ಮನುಷ್ಯ ಸ್ವಭಾವ. ಸುಮ್ಮನಿರುವುದಕ್ಕೂ ಒಂದು ಬೆಲೆಯುಂಟು, ಆ ಬೆಲೆಯನ್ನು ಬಡವರು ತೆರುತ್ತಾರೆ ಎಂಬುದನ್ನು ಕಾಣಬಲ್ಲವನೇ ದೂರದೃಷ್ಟಿಯುಳ್ಳ ನಾಯಕ.

ಕೊನೆಗೆ ಸರ್ಕಾರವು ನಿರ್ಧಾರ ಕೈಗೊಂಡಿತು. 1948ರ ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನವನ್ನು ಪ್ರವೇಶಿಸಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಹುಮನಾಬಾದ, ಜಹೀರಾಬಾದುಗಳ ಹೆದ್ದಾರಿಯಲ್ಲಿ, ಅಂದರೆ ಚಿಂಚೋಳಿಯ ಉತ್ತರಕ್ಕೆ ಹೆಚ್ಚು ದೂರವಲ್ಲದ ದಾರಿಯಲ್ಲಿ, ಹೈದರಾಬಾದಿನತ್ತ ಸಾಗಿತು. ಐದನೆಯ ದಿನ, ಸೆಪ್ಟೆಂಬರ್ 17ರಂದು, ನಿಜಾಮನು ಕದನವಿರಾಮ ಘೋಷಿಸಿದನು. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ಶರಣಾದನು. ಸೆಪ್ಟೆಂಬರ್ 17ನೆಯ ದಿನವನ್ನು ಈ ಭಾಗದಲ್ಲಿ ವಿಮೋಚನೆಯ ದಿನವಾಗಿ ಆಚರಿಸಲಾಗುತ್ತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದ ಮೇಲೆ ಅದು ಕಲ್ಯಾಣ ಕರ್ನಾಟಕ ಉತ್ಸವವೆನಿಸಿತು.

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಕೇಳಲು ಹಿತವಾಗುತ್ತದೆ. ಆದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ರಜಾಕಾರರ ಬಲ ಮುರಿದ ಮೇಲೆ ಹಲವು ಕಡೆ ಸೇಡಿನ ಕಿಚ್ಚು ಎದ್ದಿತು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಮುಸಲ್ಮಾನ ಕುಟುಂಬಗಳು ಕೊಲೆಗೂ ಸುಲಿಗೆಗೂ ಗುರಿಯಾದವು. ನಿಜಸ್ಥಿತಿಯನ್ನು ಅರಿಯಲು ನೆಹರೂ ಅವರ ಸರ್ಕಾರ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಕಳುಹಿಸಿದ ತಂಡವು 1948ರ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಸಂಸ್ಥಾನದಲ್ಲಿ ಸಂಚರಿಸಿತು. ಸತ್ತವರ ಸಂಖ್ಯೆ ಇಪ್ಪತ್ತೇಳು ಸಾವಿರದಿಂದ ನಲವತ್ತು ಸಾವಿರದವರೆಗೆ ಇರಬಹುದೆಂದು ಆ ತಂಡ ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಬೀದರವೂ ಸೇರಿದ್ದವು. ಆ ವರದಿ ಬಹುಕಾಲ ಪ್ರಕಟವಾಗಲಿಲ್ಲ. ಅದರಲ್ಲಿ ಕತ್ತಲೆಯ ಸಂಗತಿಗಳ ನಡುವೆ ಬೆಳಕಿನ ಮಾತೂ ಉಂಟು: ಕೆಲವೆಡೆ ಹಿಂದೂಗಳು ತಮ್ಮ ನೆರೆಹೊರೆಯ ಮುಸಲ್ಮಾನರನ್ನು ಜೀವದ ಹಂಗು ತೊರೆದು ಕಾಪಾಡಿದರು, ಹಿಂದೂ ನೇಕಾರರು ತಮ್ಮ ಕಸುಬಿನವರೇ ಆದ ಮುಸಲ್ಮಾನ ನೇಕಾರರ ಪರವಾಗಿ ನಿಂತರು. ಆ ನೇಕಾರರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಆದರೂ ಗುಂಪಿನ ಎದುರು ಬಾಗಿಲಿಗೆ ಅಡ್ಡ ನಿಂತ ಆ ಧೈರ್ಯ ಯಾವ ಸೇನಾಪತಿಯ ಧೈರ್ಯಕ್ಕೂ ಕಡಿಮೆಯಾದುದಲ್ಲ.

ನಾಯಕರ ಧೈರ್ಯಕ್ಕೆ ಮೂರನೆಯ ಒರೆಗಲ್ಲು ಅಗತ್ಯವೆನ್ನುವುದು ಇದಕ್ಕಾಗಿಯೇ. ಗೆಲುವಿನ ಮರುದಿನ ಗೆದ್ದವರ ಕೈಯನ್ನು ಹಿಡಿದು ನಿಲ್ಲಿಸುವುದು, ತನ್ನ ಪಕ್ಷದವರಿಂದಾದ ತಪ್ಪನ್ನೂ ತಪ್ಪೆಂದು ಒಪ್ಪುವುದು ನಾಯಕನ ಕೆಲಸ. ಈ ಪಾಠವನ್ನು ಕಲ್ಲಿನ ಮೇಲೆ ಬರೆಸಿದ ದೊರೆಯೊಬ್ಬನ ಗುರುತು ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿದೆ. ಭೀಮಾ ನದಿಯ ದಂಡೆಯ ಈ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1980ರ ದಶಕದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೆತ್ತಿದ ಅವನ ಶಿಲ್ಪವೂ ದೊರೆತಿದೆ.

ಕಳಿಂಗವನ್ನು ಗೆದ್ದ ಅಶೋಕನು ಆ ಯುದ್ಧದ ಸಾವುನೋವುಗಳಿಗಾಗಿ ಪಶ್ಚಾತ್ತಾಪಪಟ್ಟದ್ದನ್ನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಬಹಿರಂಗಪಡಿಸಿದನು. ಗೆದ್ದ ಅರಸನು ತನ್ನ ಗೆಲುವಿಗಾಗಿಯೇ ದುಃಖಿಸಿದುದು ಚರಿತ್ರೆಯಲ್ಲಿ ಅಪರೂಪ. ಆ ಶಾಸನ ಸನ್ನತಿಯಲ್ಲಿ ದೊರೆತಿಲ್ಲ. ಆದರೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇದ್ದುವೆಂದು ತಿಳಿದಿದ್ದ ಎರಡು ವಿಶೇಷ ಶಾಸನಗಳು ಸನ್ನತಿಯಲ್ಲಿಯೂ ದೊರೆತವು. ಪ್ರಜೆಗಳೆಲ್ಲ ತನ್ನ ಮಕ್ಕಳೆಂಬ ಭಾವವನ್ನು ಅವು ಸಾರುತ್ತವೆ. ಅಸೂಯೆ, ಕೋಪ, ಕ್ರೌರ್ಯ, ಆತುರಗಳಿಗೆ ಒಳಗಾಗದೆ ನ್ಯಾಯ ನಡೆಸಬೇಕೆಂದು ಅಧಿಕಾರಿಗಳಿಗೆ ವಿಧಿಸುತ್ತವೆ. ಗಡಿಯಾಚೆಯ ಜನ ತನಗೆ ಅಂಜಬಾರದೆಂದು ತಿಳಿಸುತ್ತವೆ. ಅದೇ ಕಲ್ಲಿನಲ್ಲಿರುವ ಹನ್ನೆರಡನೆಯ ಶಾಸನವು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂಬ ಅರ್ಥವನ್ನು ಹೇಳುತ್ತದೆ. 1948ರಲ್ಲಿ ಈ ಸೀಮೆಯ ಹಳ್ಳಿಗಳು ಉರಿಯುತ್ತಿದ್ದಾಗ ಆ ಅಕ್ಷರಗಳು ಯಾರ ಕಣ್ಣಿಗೂ ಬೀಳದೆ ಗುಡಿಯೊಳಗೆ ಮರೆಯಾಗಿದ್ದವು.

ಸಂಸ್ಥಾನ ಹೋದ ಮೇಲೆ ಸ್ವಾಮಿ ರಮಾನಂದ ತೀರ್ಥರ ಎದುರು ಮತ್ತೊಂದು ಪ್ರಶ್ನೆ ಬಂದಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯವು ಒಂದಾಗಿ ಉಳಿದರೆ ಅದರ ಮುಂದಾಳೆಂಬ ಅವರ ಸ್ಥಾನವೂ ಭದ್ರವಾಗಿರುತ್ತಿತ್ತು. ರಾಜ್ಯವನ್ನು ಒಡೆಯುವುದಕ್ಕೆ ನೆಹರೂ ಅವರಿಗೂ ಮೊದಮೊದಲು ಮನಸ್ಸಿರಲಿಲ್ಲ. ಆದರೆ ತೆಲುಗು, ಮರಾಠಿ, ಕನ್ನಡ ಜನ ತಂತಮ್ಮ ನುಡಿಯ ನಾಡುಗಳೊಡನೆ ಸೇರುವುದೇ ನ್ಯಾಯವೆಂದು ಸ್ವಾಮೀಜಿಯವರು ವಾದಿಸಿದರು. ತಾವು ನಿಂತ ಮೆಟ್ಟಿಲನ್ನೇ ತೆಗೆದುಹಾಕಬೇಕೆಂದು ಹೇಳುವ ನಾಯಕರು ವಿರಳ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಮೂರು ಪಾಲಾಯಿತು. ಕಲಬುರಗಿ, ಬೀದರ, ರಾಯಚೂರುಗಳ ಕನ್ನಡ ಸೀಮೆ ವಿಶಾಲ ಮೈಸೂರಿನಲ್ಲಿ ಕೂಡಿಕೊಂಡಿತು. ಸ್ವಾಮೀಜಿಯವರು 1972ರ ಜನವರಿ 22ರಂದು ನಿಧನರಾದರು.

ಆ ಕೂಡಿಕೆಯ ಫಲ ಬೇಗನೆ ಕಾಣಿಸಿಕೊಂಡಿತು. 1924ರಲ್ಲಿ ಚಿಂಚೋಳಿಯಲ್ಲಿ ನಿಜಾಮನ ಪ್ರಜೆಯಾಗಿ ಹುಟ್ಟಿದ ವೀರೇಂದ್ರ ಪಾಟೀಲರು 1968ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು. 1989ರಲ್ಲಿ ಎರಡನೆಯ ಬಾರಿಗೂ ಆ ಪದವಿಗೇರಿದರು. ಅರಸನ ಮಾತೇ ಕಾನೂನಾಗಿದ್ದ ಸೀಮೆಯ ಬಾಲಕನೊಬ್ಬನು ಜನರ ಮತದಿಂದ ನಾಡಿನ ಆಡಳಿತದ ಚುಕ್ಕಾಣಿ ಹಿಡಿದನು. ಸೆರೆಮನೆಗೆ ಹೋದವರೂ ಪ್ರಾಣವನ್ನೇ ತೆತ್ತವರೂ ಯಾವುದಕ್ಕಾಗಿ ಆ ಅಪಾಯಕ್ಕೆ ಒಡ್ಡಿಕೊಂಡರೆಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಧೈರ್ಯವೆಂಬುದು ಅಂಜಿಕೆಯೇ ಇಲ್ಲದ ಸ್ಥಿತಿಯಲ್ಲ. ಅಂಜಿಕೆಗೆ ಕಾರಣಗಳನ್ನು ಒಂದೊಂದಾಗಿ ಎಣಿಸಿ, ಅವೆಲ್ಲಕ್ಕಿಂತ ಹಿರಿದಾದ ಒಂದು ಒಳಿತಿಗಾಗಿ ಹೆಜ್ಜೆಯಿಡುವುದೇ ಧೈರ್ಯ. ನಾಯಕನಾದವನಿಗೆ ಅಷ್ಟೇ ಸಾಲದು. ತುಂಬಿದ ನದಿಯನ್ನು ದಾಟಿದ ಮೇಲೆ ಅವನು ಹಿಂದಿರುಗಿ ನೋಡಬೇಕು; ಹಗ್ಗ ಹಿಡಿದು ಬಂದವರಲ್ಲಿ ಯಾರಾದರೂ ನೀರಿನಲ್ಲಿ ಉಳಿದರೇ ಎಂದು ಎಣಿಸಬೇಕು; ಉಳಿದಿದ್ದರೆ ಮತ್ತೊಮ್ಮೆ ನೀರಿಗೆ ಇಳಿಯಬೇಕು.